ಒಂದೇ ಒಂದು ಮಡ್ಗಾರ್ಡ್ ಬೇಕಾದಾಗ

1930ರ ದಶಕದಲ್ಲಿ ರೋಲ್ಸ್ ರಾಯ್ಸ್ ಕಂಪನಿಗೆ ದುಡ್ಡು ಕಟ್ಟಿದವರಿಗೆ ಸಿಗುತ್ತಿದ್ದುದು ಕಾರಲ್ಲ, ಎಂಜಿನ್ನು, ಚಕ್ರ, ಸ್ಟೀರಿಂಗ್, ರೇಡಿಯೇಟರ್ ಹೊತ್ತ ಬರೀ ಚಾಸಿಸ್. ಅದಕ್ಕೆ ಬಾಡಿ ಕಟ್ಟಿಸಿಕೊಳ್ಳುವುದು ಗಿರಾಕಿಯ ಉಸಾಬರಿ. ಆತ ಲಂಡನ್ನಿನ ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿಯಂಥವರ ಬಾಗಿಲು ತಟ್ಟಬೇಕಿತ್ತು. ಇವರೆಲ್ಲ ಕುದುರೆ ಸಾರೋಟು ಕಟ್ಟಿ ಹೆಸರು ಮಾಡಿದ ಮನೆತನದವರು. ಕುದುರೆಯ ಜಾಗಕ್ಕೆ ಎಂಜಿನ್ ಬಂದ ಮೇಲೂ ಅವರ ಕೆಲಸದ ರೀತಿ ಹೆಚ್ಚು ಬದಲಾಗಲಿಲ್ಲ. ಆಷ್ ಮರದ ಚೌಕಟ್ಟು ಕಟ್ಟುವುದು, ಅದರ ಮೇಲೆ ಕೈಯಲ್ಲಿ ಬಡಿದ ತಗಡು ಹೊದಿಸುವುದು. ಗಿರಾಕಿಗೆ ಬೇಕಾದ ಹಾಗೆ ಒಂದು ಕಾರು, ಆಮೇಲೆ ಇನ್ನೊಂದು.

ನಮ್ಮವರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ಬಾಗಿಲು, ಚಾವಣಿ, ಗಾಜು ಏನೂ ಇಲ್ಲದ ಬಸ್ ಚಾಸಿಸ್ಸನ್ನು, ಮುಖಕ್ಕೆ ಟವೆಲ್ ಸುತ್ತಿಕೊಂಡು ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗುವ ಚಾಲಕನನ್ನು ಕಾಣದವರು ಯಾರು? ಎಂಜಿನ್ ಒಬ್ಬರದು, ಬಾಡಿ ಇನ್ನೊಬ್ಬರದು. ಕೆಎಸ್‌ಆರ್‌ಟಿಸಿ ತನ್ನ ಕೆಂಗೇರಿ, ಹಾಸನದ ಕಾರ್ಯಾಗಾರಗಳಲ್ಲಿ ಬಸ್ಸಿನ ಬಾಡಿ ಕಟ್ಟಿದ್ದೂ ಇದೇ ಏರ್ಪಾಡಿನಲ್ಲಿ. ಆದರೆ ಬಸ್ಸಿನ ತಗಡು ಬಹುಪಾಲು ಚಪ್ಪಟೆ, ಒಂದು ದಿಕ್ಕಿಗೆ ಬಗ್ಗಿಸಿದರೆ ಕೆಲಸ ಮುಗಿಯಿತು. ಕಾರಿನ ಮಡ್ಗಾರ್ಡ್ ಉದ್ದಕ್ಕೂ ಬಾಗುತ್ತದೆ, ಅಡ್ಡಕ್ಕೂ ಬಾಗುತ್ತದೆ. ಕಾಗದವನ್ನು ಕೊಳವೆಗೆ ಸಲೀಸಾಗಿ ಸುತ್ತಬಹುದು, ಚೆಂಡಿಗೆ ಸುತ್ತಲು ಹೋದರೆ ಸುಕ್ಕು ಬೀಳುತ್ತದೆ. ತಗಡಿನದೂ ಅದೇ ಪಾಡು.

ಸುಕ್ಕಿಲ್ಲದೆ ಬಾಗಬೇಕಾದರೆ ತಗಡಿನ ನಡುಭಾಗ ಹಿಗ್ಗಬೇಕು, ಇಲ್ಲವೇ ಅಂಚು ಕುಗ್ಗಬೇಕು. ಈ ಕಸುಬಿನ ವಿದ್ಯೆಯೆಲ್ಲ ಅಷ್ಟರಲ್ಲೇ ಇದೆ. ಮರಳು ತುಂಬಿದ ತೊಗಲು ಚೀಲದ ಮೇಲೆ ತಗಡಿಟ್ಟು ಮರದ ಕೊಡತಿಯಿಂದ ಹೊಡೆದರೆ ಅಲ್ಲಿ ಗುಳಿ ಬಿದ್ದು, ಲೋಹ ತೆಳ್ಳಗಾಗಿ ಹಿಗ್ಗುತ್ತದೆ. ಇದು ಯಾರಿಗಾದರೂ ಬಂದೀತು. ಕುಗ್ಗಿಸುವುದು ಹಾಗಲ್ಲ. ಅಂಚಿನಲ್ಲಿ ಬೇಕೆಂದೇ ನೆರಿಗೆ ಹಿಡಿದು, ಅದು ಬಿಚ್ಚಿಕೊಳ್ಳಲು ಬಿಡದೆ ಬಡಿದು ಕೂರಿಸಬೇಕು. ಆಗ ಲೋಹ ತನ್ನೊಳಗೇ ಸೇರಿಕೊಂಡು ದಪ್ಪವಾಗುತ್ತದೆ, ಅಂಚು ಗಿಡ್ಡವಾಗುತ್ತದೆ. ಏಟು ತಪ್ಪಿದರೆ ನೆರಿಗೆ ಮಡಚಿಕೊಂಡು ಅಲ್ಲೇ ಸೀಳುತ್ತದೆ. ಕೈ ಪಳಗಿದವರು ಹಿಗ್ಗಿಸುವುದಕ್ಕಿಂತ ಕುಗ್ಗಿಸುವುದನ್ನೇ ಹೆಚ್ಚು ನೆಚ್ಚುತ್ತಾರೆ, ಏಕೆಂದರೆ ತೆಳುವಾದ ತಗಡಿಗೆ ಮುಂದೆ ಆಯುಸ್ಸು ಕಡಿಮೆ.

ಹೀಗೆ ಉಬ್ಬು ತಗ್ಗಾದ ತಗಡನ್ನು ನಯಗೊಳಿಸುವ ಯಂತ್ರಕ್ಕೆ ಇಂಗ್ಲಿಷ್ ವೀಲ್ ಎಂದು ಹೆಸರು. ‘ಸಿ’ ಅಕ್ಷರದ ಆಕಾರದ ಭಾರೀ ಚೌಕಟ್ಟು, ಮೇಲೆ ಚಪ್ಪಟೆ ಮುಖದ ದೊಡ್ಡ ಚಕ್ರ, ಕೆಳಗೆ ಉಬ್ಬು ಮುಖದ ಸಣ್ಣ ಚಕ್ರ. ಮೋಟರ್ ಇಲ್ಲ, ಕರೆಂಟೂ ಬೇಕಿಲ್ಲ. ಎರಡು ಚಕ್ರಗಳ ನಡುವೆ ತಗಡನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಓಡಿಸುತ್ತ, ಪ್ರತಿ ಸಲವೂ ಜಾಡನ್ನು ಕೊಂಚ ಪಕ್ಕಕ್ಕೆ ಸರಿಸುತ್ತ ಹೋದರೆ ಸುತ್ತಿಗೆಯ ಗುರುತುಗಳು ಮಾಯವಾಗಿ ತಗಡು ಮೆಲ್ಲಗೆ ಬಾಗಿಕೊಳ್ಳುತ್ತದೆ. ಬೇಕಾದ ಬಾಗಿಗೆ ತಕ್ಕಂತೆ ಕೆಳಗಿನ ಚಕ್ರ ಬದಲಿಸುತ್ತಾರೆ. ಒತ್ತಡ ತುಸು ಹೆಚ್ಚಾದರೂ ಮೈಮೇಲೆ ಗೆರೆ ಮೂಡುತ್ತದೆ, ಅದನ್ನು ಹೋಗಲಾಡಿಸಲು ಅರ್ಧ ದಿನ ಬೇಕು.

ಇನ್ನೊಂದು ತಾಪತ್ರಯವೂ ಇದೆ. ಬಡಿದಷ್ಟೂ ಲೋಹ ಗಡಸಾಗುತ್ತದೆ, ಆಗಾಗ ಕಾಯಿಸಿ ಮೆದು ಮಾಡದಿದ್ದರೆ ಬಿರುಕು ಬಿಡುತ್ತದೆ. ಉಕ್ಕಾದರೆ ಕೆಂಪಗಾಗಿ ಎಷ್ಟು ಕಾದಿದೆ ಎಂದು ತೋರಿಸಿಕೊಡುತ್ತದೆ. ಅಲ್ಯೂಮಿನಿಯಂ ಬಣ್ಣವನ್ನೇ ಬದಲಿಸುವುದಿಲ್ಲ. ಇದ್ದ ಹಾಗೇ ಇದ್ದು, 660 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಲೇ ಕರಗಿ ತೂತಾಗುತ್ತದೆ. ಹಳೆಯ ಕೆಲಸಗಾರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ತಗಡಿಗೆ ಸೋಪು ತಿಕ್ಕಿ, ಮೇಲೆ ಗ್ಯಾಸ್ ಜ್ವಾಲೆ ಆಡಿಸುವುದು. ಸೋಪು ಕಪ್ಪಾದ ಕೂಡಲೇ ಜ್ವಾಲೆ ತೆಗೆಯುವುದು. ತಾಪ ಅಳೆಯುವ ದುಬಾರಿ ಸಲಕರಣೆಗಳು ಬಂದಿವೆ, ಆದರೂ ಸೋಪಿನ ಬಿಲ್ಲೆ ಇನ್ನೂ ಮೇಜಿನ ಮೇಲಿಂದ ಇಳಿದಿಲ್ಲ.

ಇಷ್ಟೆಲ್ಲ ಪಾಡು ಪಟ್ಟು ಲಕ್ಷಾಂತರ ಕಾರು ಕಟ್ಟಲಾಗುವುದಿಲ್ಲ ಎಂಬುದು ಅಮೆರಿಕದವರಿಗೆ ಬೇಗ ಹೊಳೆಯಿತು. 1912ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಪನಿ ತೆರೆದ ಎಡ್ವರ್ಡ್ ಬಡ್, ಮರದ ಚೌಕಟ್ಟನ್ನೇ ಬಿಟ್ಟು ಬರೀ ಉಕ್ಕಿನ ಬಾಡಿಯನ್ನು ಪ್ರೆಸ್‌ಗಳಲ್ಲಿ ಒತ್ತಿ ತೆಗೆಯುವ ದಾರಿ ಹಿಡಿದ. ಡಾಡ್ಜ್ ಸೋದರರು ಅವನ ದೊಡ್ಡ ಗಿರಾಕಿಗಳಾದರು. 1926ರಲ್ಲಿ ವಿಲಿಯಂ ಮಾರಿಸ್ ಬಡ್ ಕಂಪನಿಯ ಜತೆಗೂಡಿ ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ ಪ್ರೆಸ್ಡ್ ಸ್ಟೀಲ್ ಕಂಪನಿ ಕಟ್ಟಿದ. ಬಾಗಿಲೊಂದರ ಅಚ್ಚು ಮಾಡಿಸಲು ಹಣ ನೀರಿನಂತೆ ಖರ್ಚಾಗುತ್ತದೆ ನಿಜ. ಅದೇ ಖರ್ಚನ್ನು ಲಕ್ಷ ಬಾಗಿಲುಗಳಿಗೆ ಹಂಚಿದರೆ ಲೆಕ್ಕಕ್ಕೇ ಇಲ್ಲ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ರೋಲ್ಸ್ ರಾಯ್ಸ್ ಕೂಡ ಹಟ ಬಿಟ್ಟಿತು. 1946ರಲ್ಲಿ ಬಂದ, ಅದೇ ಕಂಪನಿಯ ಬೆಂಟ್ಲಿ ಮಾರ್ಕ್ 6, ಅವರ ಕಾರ್ಖಾನೆಯಿಂದಲೇ ಬಾಡಿ ತೊಟ್ಟು ಹೊರಬಂದ ಮೊದಲ ಕಾರು. ಸಾರೋಟು ಮನೆತನಗಳು ಒಂದೊಂದಾಗಿ ಬಾಗಿಲು ಹಾಕಿದವು.

ತಗಡು ಬಡಿಯುವವರಿಗೆ ಉಳಿದ ಆಸರೆ ರೇಸಿಂಗ್. ಅಲ್ಲಿ ಬೇಕಾಗುವುದು ಹತ್ತಿಪ್ಪತ್ತು ಕಾರು, ಅದೂ ಹಗುರವಾಗಿರಬೇಕು. ಮಿಲಾನಿನ ಟೂರಿಂಗ್ ಸಂಸ್ಥೆ ಸಣ್ಣ ಉಕ್ಕಿನ ಕೊಳವೆಗಳ ಹಂದರದ ಮೇಲೆ ತೆಳು ಅಲ್ಯೂಮಿನಿಯಂ ಹೊದಿಸುವ ‘ಸೂಪರ್‌ಲೆಜೆರಾ’ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಮುಂದೆ ಆಸ್ಟನ್ ಮಾರ್ಟಿನ್ ಡಿಬಿ4, ಡಿಬಿ5 ಕಾರುಗಳು ಮೈದಳೆದದ್ದು ಆ ಪರವಾನಗಿಯಲ್ಲಿ. ಇನ್ನು ಮೊಡೆನಾದ ಸೆರ್ಜಿಯೊ ಸ್ಕಾಲಿಯೆಟ್ಟಿ. ಅಪ್ಪ ತೀರಿಕೊಂಡಾಗ ಹದಿಮೂರರ ಹುಡುಗ, ಶಾಲೆ ಬಿಟ್ಟು ಬಾಡಿ ಕಟ್ಟುವವರ ಬಳಿ ಕೆಲಸಕ್ಕೆ ಸೇರಿದ. ಮುಂದೆ ಫೆರಾರಿಯ ಟೆಸ್ಟಾ ರೋಸಾ, 250 ಜಿಟಿಒ ಬಾಡಿಗಳೆಲ್ಲ ಅವನ ಕಾರ್ಖಾನೆಯಲ್ಲಿ ತಯಾರಾದವು. ಎಷ್ಟೋ ಸಲ ನಕ್ಷೆಯೂ ಇರುತ್ತಿರಲಿಲ್ಲ, ಕಣ್ಣಳತೆಯೇ ಅಳತೆ. 1962ರಿಂದ 1964ರವರೆಗೆ ಕಟ್ಟಿದ ಜಿಟಿಒಗಳು 36. ಅವುಗಳಲ್ಲಿ ಒಂದರ ಮಡ್ಗಾರ್ಡ್ ಬಿಚ್ಚಿ ಇನ್ನೊಂದಕ್ಕೆ ಹಾಕಲು ಹೋದರೆ ಸರಿಯಾಗಿ ಕೂರುತ್ತದೆಂಬ ಭರವಸೆ ಇಲ್ಲ. 2018ರ ಹರಾಜಿನಲ್ಲಿ ಅಂಥದ್ದೊಂದು ಕಾರು 4.8 ಕೋಟಿ ಡಾಲರ್ ದಾಟಿತು. ಆ ಬೆಲೆ ಕೇಳಿದ ಮೇಲೆ ನೆಗ್ಗಿದ ಮಡ್ಗಾರ್ಡ್ ಸರಿಪಡಿಸಲು ತಿಂಗಳುಗಟ್ಟಲೆ ಕೂಲಿ ಕೊಡುವವರಿಗೆ ಕೊರತೆ ಬರಲಿಲ್ಲ. ಕಸುಬು ಮತ್ತೆ ಚಿಗುರಿದ್ದರ ಹಿಂದೆ ಕಲಾಪ್ರೇಮಕ್ಕಿಂತ ಈ ಲೆಕ್ಕಾಚಾರ ದೊಡ್ಡದು ಅಂತ ನನ್ನ ಗುಮಾನಿ.

ಕಾರ್ಖಾನೆಗಳೇ ಈ ವಿದ್ಯೆಗೆ ಮರಳಿದ ಕತೆಗೆ ಒಂದು ಬೆಂಕಿ ಕಾರಣ. 1957ರ ಫೆಬ್ರವರಿ 12ರ ಸಂಜೆ ಕವೆಂಟ್ರಿಯ ಬ್ರೌನ್ಸ್ ಲೇನ್‌ನಲ್ಲಿದ್ದ ಜಾಗ್ವಾರ್ ಕಾರ್ಖಾನೆಗೆ ಬೆಂಕಿ ಬಿತ್ತು. ಮಾರಾಟವಾಗದೆ ಉಳಿದಿದ್ದ ಡಿ-ಟೈಪ್ ರೇಸ್ ಕಾರುಗಳನ್ನು ರಸ್ತೆಗೆ ಒಗ್ಗಿಸಿ ‘ಎಕ್ಸ್‌ಕೆಎಸ್‌ಎಸ್’ ಹೆಸರಿನಲ್ಲಿ 25 ಕಾರು ಮಾರುವ ಯೋಜನೆ ಅಲ್ಲಿತ್ತು. ಹದಿನಾರು ಹೊರಗೆ ಹೋದವು, ಒಂಬತ್ತು ಸುಟ್ಟುಹೋದವು. 2016ರಲ್ಲಿ, ಜಾಗ್ವಾರ್ ಟಾಟಾ ಮೋಟರ್ಸ್ ಕೈಗೆ ಬಂದು ಎಂಟು ವರ್ಷ ಕಳೆದ ಮೇಲೆ, ಆ ಒಂಬತ್ತನ್ನು ಈಗ ಕಟ್ಟಿ ಕೊಡುತ್ತೇವೆಂದು ಕಂಪನಿ ಸಾರಿತು. ಒಂದಕ್ಕೆ ಹತ್ತು ಲಕ್ಷ ಪೌಂಡಿಗೂ ಮಿಗಿಲು.

ಒಂಬತ್ತು ಕಾರಿಗೆ ಪ್ರೆಸ್ ಅಚ್ಚು ಮಾಡಿಸುವುದು ಹುಚ್ಚು. ತಗಡನ್ನು ಕೂರಿಸಿ ನೋಡುವ ಹಳೆಯ ಮರದ ಪಡಿಯಚ್ಚುಗಳೂ ಉಳಿದಿರಲಿಲ್ಲ. ಹಾಗಾಗಿ ಬದುಕಿರುವ ಹಲವು ಎಕ್ಸ್‌ಕೆಎಸ್‌ಎಸ್‌ಗಳನ್ನು ಸ್ಕ್ಯಾನ್ ಮಾಡಿ, ಆ ಅಳತೆಗಳಿಂದ ಹೊಸ ಪಡಿಯಚ್ಚು ಮಾಡಿಸಿದರು. ಅದರ ಮೇಲೆ ಮೆಗ್ನೀಸಿಯಂ ಮಿಶ್ರಲೋಹದ ತಗಡನ್ನು, 1957ರಲ್ಲಿ ಮಾಡಿದಂತೆಯೇ, ಕೈಯಿಂದ ಚಕ್ರಕ್ಕೆ ಕೊಟ್ಟು ಬಾಗಿಸಿದರು. ಒಂದೊಂದು ಕಾರಿಗೆ ಹತ್ತು ಸಾವಿರ ತಾಸುಗಳ ಕೆಲಸ. ಕಂಪ್ಯೂಟರ್ ಇಲ್ಲಿ ಕೆಲಸಗಾರನ ಎದುರಾಳಿಯಾಗಿ ಬರಲಿಲ್ಲ, ಅವನಿಗೆ ಅಳತೆಗೋಲು ಹಿಡಿದುಕೊಟ್ಟಿತು.

ಅದಕ್ಕೂ ಎರಡು ವರ್ಷ ಮೊದಲು ಇದೇ ಕಂಪನಿ ಕೈ ಹಾಕಿದ ಇನ್ನೊಂದು ಕೆಲಸ ನನಗೆ ಇದಕ್ಕಿಂತ ಕುತೂಹಲದ್ದು. 1963ರಲ್ಲಿ ಅಲ್ಯೂಮಿನಿಯಂ ಮೈಯ ಹದಿನೆಂಟು ‘ಲೈಟ್‌ವೇಟ್ ಇ-ಟೈಪ್’ ಕಾರುಗಳಿಗೆ ಸಂಖ್ಯೆ ತೆಗೆದಿಟ್ಟು ಹನ್ನೆರಡು ಮಾತ್ರ ಕಟ್ಟಿದ್ದರು. ಉಳಿದ ಆರನ್ನು 2014ರಲ್ಲಿ ಕೈಗೆತ್ತಿಕೊಂಡಾಗ ಹಳೆಯ ಬಾಡಿಯ ಒಂದೇ ಬದಿಯ ಅಳತೆ ಇಟ್ಟುಕೊಂಡು, ಅದನ್ನೇ ತಿರುವಿ ಇನ್ನೊಂದು ಬದಿಗೂ ಬಳಸಿದರು. ಎಡ ಬಲ ಕರಾರುವಾಕ್ಕಾಗಿ ಒಂದೇ ಆಯಿತು. ಕೈಯಲ್ಲಿ ಕಟ್ಟಿದ ಕಾರುಗಳಲ್ಲಿ ಎಡ ಬಲ ಹಾಗೆ ಒಂದಾಗಿರುವುದು ಅಪರೂಪ. ಬಲ ಮಡ್ಗಾರ್ಡ್ ಬಡಿದವನ ಕೈ ಬೇರೆ, ಎಡದವನ ಕೈ ಬೇರೆ. ಹೊಸ ಕಾರು ಹಳೆಯದಕ್ಕಿಂತ ಚೊಕ್ಕ ಎನ್ನುವುದೇನೋ ಸರಿ, ಆದರೆ ಹಳೆಯದರ ಹಾಗೇ ಇದೆ ಎನ್ನಲು ನಾನಂತೂ ಹಿಂಜರಿಯುತ್ತೇನೆ.

ಕಾರೊಂದನ್ನು ಹಳೆಯ ರೂಪಕ್ಕೆ ತರುವವರ ಮುಂದೆ ಇದೇ ಪ್ರಶ್ನೆ ದಿನನಿತ್ಯ ನಿಂತಿರುತ್ತದೆ. ಬಣ್ಣ ಕೆರೆದರೆ ಮೊದಲು ಸಿಗುವುದು ಪುಟ್ಟಿ, ಅದರಡಿ ಯಾವನೋ ಒಬ್ಬ ಹಿಂದೆ ಬೆಸೆದ ತೇಪೆ, ಅದರಡಿ ತುಕ್ಕು. ಕೊಳೆತಷ್ಟು ಕತ್ತರಿಸಿ ತೆಗೆದು, ಗಟ್ಟಿ ಇರುವ ಇನ್ನೊಂದು ಬದಿಯಿಂದ ಕಾಗದದಲ್ಲಿ ಮಾದರಿ ತೆಗೆದು, ಅದನ್ನು ತಿರುವಿ ಹೊಸ ತುಂಡು ಬಡಿಯಬೇಕು. ಆ ಇನ್ನೊಂದು ಬದಿ ಮೊದಲಿಗೇ ಬೇರೆಯಾಗಿದ್ದರೆ? ತುಂಡು ಕೂತ ಮೇಲೆ ಅರ ಎಳೆದು ನೋಡುತ್ತಾರೆ. ಅರ ತಾಗಿದಲ್ಲಿ ಹೊಳಪು, ತಾಗದಲ್ಲಿ ತಗ್ಗು. ಒಳಗೆ ಡಾಲಿ ಎಂಬ ಲೋಹದ ಗಟ್ಟಿ ಹಿಡಿದು ಹೊರಗಿನಿಂದ ತಟ್ಟುತ್ತ ಆ ತಗ್ಗನ್ನು ಎಬ್ಬಿಸುತ್ತಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಹೊರಡಿಸಿದ ಟ್ಯೂರಿನ್ ಸನ್ನದು, ಹೊಸದಾಗಿ ಹಾಕಿದ ಭಾಗ ಗುರುತಿಗೆ ಸಿಗುವಂತಿರಬೇಕು ಎನ್ನುತ್ತದೆ. ಗುರುತೇ ಸಿಗಬಾರದು ಎನ್ನುವುದು ಮಾಲೀಕರ ಆಸೆ.

ನಮ್ಮಲ್ಲಿ ಅಂಬಾಸಿಡರ್ ಇಟ್ಟುಕೊಂಡವರಿಗೆ ಈ ಗೋಳು ಕಡಿಮೆ. ದಶಕಗಟ್ಟಲೆ ಒಂದೇ ಅಚ್ಚಿನಲ್ಲಿ ಒತ್ತಿದ ಕಾರು ಅದು, ಬಿಡಿಭಾಗಕ್ಕೆ ಹುಡುಕಾಟ ಹೆಚ್ಚು ಬೇಕಿಲ್ಲ. ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರ ಪಾಡು ಬೇರೆ. ಇಟಲಿಯ ಮಿಕೆಲೊಟ್ಟಿ ವಿನ್ಯಾಸ ಮಾಡಿದ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಅಲ್ಲಿ ಅದು ಕೊನೆಯವರೆಗೂ ಎರಡು ಬಾಗಿಲಿನ ಕಾರು. ಅದನ್ನೇ ಮದ್ರಾಸಿನಲ್ಲಿ ತಯಾರಿಸುತ್ತಿದ್ದ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್, 1960ರ ದಶಕದ ಕೊನೆಗೆ ನಮ್ಮ ಸಂಸಾರಗಳ ಅಳತೆ ನೋಡಿ ನಾಲ್ಕು ಬಾಗಿಲು ಮಾಡಿತು. ಬೋಲ್ಟ್ ಬಿಚ್ಚಿದರೆ ಬಾಡಿಯೇ ತುಂಡು ತುಂಡಾಗಿ ಕಳಚುವ ಕಾರು ಅದು, ಮುಂಭಾಗದ ಬಾನೆಟ್ಟನ್ನು ಬೇಕಾದರೆ ಇಂಗ್ಲೆಂಡಿನಿಂದ ತರಿಸಬಹುದು. ಹಿಂದಿನ ಎರಡು ಬಾಗಿಲು ಮಾತ್ರ ಇಂಗ್ಲೆಂಡಿನಲ್ಲಿ ಯಾವತ್ತೂ ಹುಟ್ಟಿಯೇ ಇಲ್ಲ. ಅವುಗಳ ತಳ ತುಕ್ಕು ತಿಂದರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಜಾಲಾಡಿ ಬಂದ ಮೇಲೆ, ಟಿಂಕರಿಂಗ್ ಕೆಲಸದವರ ಮುಂದೆ ಹಳೆಯ ಬಾಗಿಲನ್ನೂ ಒಂದು ಶೀಟ್ ತಗಡನ್ನೂ ಇಟ್ಟು, ಯಾವಾಗ ಕೊಡ್ತೀರಿ ಅಂತ ಕೇಳಬೇಕು.