ಹಳೆಯ ಕಂಪ್ಯೂಟರ್ ಕೊಳ್ಳುವ ಮುನ್ನ

ಗುಮ್ಮಘಟ್ಟದಿಂದ ಬಳ್ಳಾರಿಗೋ ಅನಂತಪುರಕ್ಕೋ ಹೋಗಿ ಮಕ್ಕಳ ಓದಿಗೆಂದು ಹಳೆಯ ಕಂಪ್ಯೂಟರ್ ಕೊಳ್ಳುವ ಪಾಲಕರು ಗಿಗಾಹರ್ಟ್ಸ್ ಅಂಕಿಯೊಂದನ್ನೇ ನಂಬಿದರೆ ಮೋಸಹೋಗುವ ಸಂಭವವುಂಟು.

ಇಂಟೆಲ್ ಕಂಪನಿಯ ಎರಡು ಪ್ರೊಸೆಸರ್‌ಗಳನ್ನು ಹೋಲಿಸಿ ನೋಡಬಹುದು. 2008ರ ಕೋರ್ 2 ಡ್ಯುಯೊ ಇ8400ರ ವೇಗ 3.0 ಗಿಗಾಹರ್ಟ್ಸ್, 2011ರ ಕೋರ್ ಐ5-2400ರದು 3.1. ಅಂತರ ಅತ್ಯಲ್ಪವೆಂದು ತೋರುತ್ತದೆ. ಆದರೆ ಮೊದಲನೆಯದರಲ್ಲಿ ಎರಡು ಕೋರ್‌ಗಳು, ಎರಡನೆಯದರಲ್ಲಿ ನಾಲ್ಕು: ಹೊಲಕ್ಕೆ ಒಂದು ಜೊತೆ ಎತ್ತಿನ ಬದಲು ಎರಡು ಜೊತೆ ಹೂಡಿದಂತೆ. ಹೊಸದರ ಒಂದೊಂದು ಕೋರ್ ಕೂಡ ಅಷ್ಟೇ ವೇಳೆಯಲ್ಲಿ ಹೆಚ್ಚು ಕೆಲಸ ಮುಗಿಸುತ್ತದೆ.

ಕನ್ನಡದಲ್ಲಿ ಟೈಪು ಮಾಡುವುದಕ್ಕೆ ಎರಡೂ ಸಾಕು. ವಿಡಿಯೊ ಪಾಠ ನೋಡುತ್ತಲೇ ಟಿಪ್ಪಣಿ ಬರೆಯಬೇಕಾದರೆ ಐ5 ಮೇಲು. ಬೆಲೆಯ ವ್ಯತ್ಯಾಸ ಕೆಲವು ನೂರು ರೂಪಾಯಿಗಳಷ್ಟೇ ಆಗಿದ್ದರೆ ಅದನ್ನೇ ಆರಿಸುವುದು ಲಾಭ. ಅದಕ್ಕೆ 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಸೇರಿಸಿದರೆ ಇನ್ನೂ ಚುರುಕಾಗುತ್ತದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಅರ್ಹವಾದ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇವೆರಡೂ ಇಲ್ಲ. ಉಚಿತವಾದ ಲಿನಕ್ಸ್ ಹಾಕಿಸಿಕೊಂಡರೆ ಆ ಚಿಂತೆಯಿಲ್ಲ. ಅದರಲ್ಲಿಯೂ ಕನ್ನಡ ಬರೆಯಬಹುದು.

ಅಂಗಡಿಯಲ್ಲಿಯೇ ಕಂಪ್ಯೂಟರ್ ಚಾಲೂ ಮಾಡಿಸಿ, ಪರದೆಯ ಮೇಲೆ ಪ್ರೊಸೆಸರಿನ ಪೂರ್ಣ ಹೆಸರನ್ನು ಓದಿ, ಆನಂತರವೇ ಹಣ ಕೊಡುವುದು ಕ್ಷೇಮ.