ಕಬ್ಬಿಣ ಕಡಿಮೆಯಾದರೆ ಟಾನಿಕ್, ಹೆಚ್ಚಾದರೆ?



"ರಕ್ತ ಕಡಿಮೆ, ಸೊಪ್ಪು ತಿನ್ನು, ಟಾನಿಕ್ ಕುಡಿ" ಎಂಬ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಆದರೆ ಮೈಯಲ್ಲಿ ಕಬ್ಬಿಣ ಹೆಚ್ಚಾಗಿಯೂ ಕಾಯಿಲೆ ಬರುತ್ತದೆ. ಅದು ವಂಶದಲ್ಲೇ ಹರಿದು ಬಂದು, ನಲವತ್ತು ಐವತ್ತು ದಾಟಿದ ಮೇಲೆ ತಲೆದೋರಬಹುದು. ಇದರ ಹೆಸರು ಹೀಮೋಕ್ರೊಮಟೋಸಿಸ್.

ಇದಕ್ಕೆ ಕಾರಣವಾದ ಮುಖ್ಯ ಜೀನ್ ಪತ್ತೆಯಾದದ್ದು ನಮ್ಮ ಬೇ ಏರಿಯಾದಲ್ಲೇ! ಮೆನ್ಲೋ ಪಾರ್ಕಿನ ಮರ್ಕೇಟರ್ ಜೆನೆಟಿಕ್ಸ್ ಕಂಪನಿಯ ವಿಜ್ಞಾನಿಗಳು 1996ರಲ್ಲಿ ಅದನ್ನು ಆರನೇ ವರ್ಣತಂತುವಿನಲ್ಲಿ ಗುರುತಿಸಿದರು. ಈಗ ಅದನ್ನು ಎಚ್.ಎಫ್.ಇ. ಜೀನ್ ಎನ್ನುತ್ತಾರೆ. ಅವರು ಪರೀಕ್ಷಿಸಿದ 178 ರೋಗಿಗಳಲ್ಲಿ ಶೇಕಡಾ 83 ಮಂದಿಗೆ ಸಿ282ವೈ ಎಂಬ ಒಂದೇ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಿತ್ತು.

ಆಗುವುದೇನು?

ನಾವು ದಿನಕ್ಕೆ ಹೀರಿಕೊಳ್ಳುವ ಕಬ್ಬಿಣ ಒಂದೆರಡು ಮಿಲಿಗ್ರಾಂ, ಕಳೆದುಕೊಳ್ಳುವುದೂ ಅಷ್ಟೇ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಯಕೃತ್ತಿನಲ್ಲಿ ತಯಾರಾಗುವ ಹೆಪ್ಸಿಡಿನ್ ಎಂಬ ಹಾರ್ಮೋನು ಬಾಗಿಲು ಕಾಯುತ್ತದೆ. ಕಾವಲು ಸಡಿಲವಾದರೆ ಕಬ್ಬಿಣ ವರ್ಷಗಟ್ಟಲೆ ಯಕೃತ್ತು, ಹೃದಯ, ಮೇದೋಜೀರಕ ಗ್ರಂಥಿ, ಕೀಲುಗಳಲ್ಲಿ ಸೇರುತ್ತಾ ಹೋಗುತ್ತದೆ. ಸುಸ್ತು, ಬೆರಳ ಗೆಣ್ಣು ನೋವು, ಸಕ್ಕರೆ ಕಾಯಿಲೆ ಎಲ್ಲವನ್ನೂ "ವಯಸ್ಸಾಯಿತು" ಎಂದು ತಳ್ಳಿಹಾಕುತ್ತೇವೆ. ಮುಟ್ಟಿನಲ್ಲಿ ಕಬ್ಬಿಣ ಹೋಗುವುದರಿಂದ ಹೆಂಗಸರಲ್ಲಿ ಇದು ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ ಕಾಣಿಸುತ್ತದೆ.

ನಮ್ಮವರು ತಿಳಿಯಬೇಕಾದದ್ದು

ಸಿ282ವೈ ಮುಖ್ಯವಾಗಿ ಉತ್ತರ ಯೂರೋಪ್ ಮೂಲದವರಲ್ಲಿದೆ, ಭಾರತೀಯರಲ್ಲಿ ಬಹಳ ಅಪರೂಪ. ನಮ್ಮಲ್ಲಿ ಎಚ್63ಡಿ ಎಂಬ ಇನ್ನೊಂದು ಬದಲಾವಣೆ ಸಾಕಷ್ಟು ಮಂದಿಗಿದೆ, ಆದರೆ ಅದೊಂದರಿಂದಲೇ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ. ಫೆರಿಟಿನ್ ಹೆಚ್ಚಿದೆ ಎಂದಾಕ್ಷಣ ಗಾಬರಿ ಬೇಡ. ಕೊಬ್ಬು ತುಂಬಿದ ಯಕೃತ್ತು, ಮದ್ಯ, ಉರಿಯೂತಗಳಿಂದಲೂ ಅದು ಏರುತ್ತದೆ. ಹಾಗೆಂದು ಎಚ್.ಎಫ್.ಇ. ಪರೀಕ್ಷೆ ಸರಿಯಿದೆ ಎಂದು ಸುಮ್ಮನಾಗುವುದೂ ಬೇಡ, ಬೇರೆ ಅಪರೂಪದ ಜೀನ್‌ಗಳೂ ಇವೆ. ಯಕೃತ್ತಿನಲ್ಲಿ ಎಷ್ಟು ಕಬ್ಬಿಣವಿದೆ ಎಂಬುದನ್ನು ಎಂ.ಆರ್.ಐ. ತೋರಿಸಬಲ್ಲದು.

ಇನ್ನೊಂದು ಎಚ್ಚರಿಕೆ. ಥಲಸ್ಸೀಮಿಯಾ ವಾಹಕರ ರಕ್ತಕಣ ಚಿಕ್ಕದಾಗಿರುತ್ತದೆ, ನೋಡಲು ಕಬ್ಬಿಣದ ಕೊರತೆಯಂತೆಯೇ! ಫೆರಿಟಿನ್ ನೋಡದೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುವುದು ಸರಿಯಲ್ಲ. ಊರಿನಿಂದ ಬರುವ ಅಪ್ಪ ಅಮ್ಮನ ಮಾತ್ರೆ ಡಬ್ಬಿಯನ್ನೂ ಒಮ್ಮೆ ವೈದ್ಯರಿಗೆ ತೋರಿಸಿ.

ಪರೀಕ್ಷೆ, ಚಿಕಿತ್ಸೆ

ಮೊದಲಿಗೆ ಎರಡು ರಕ್ತ ಪರೀಕ್ಷೆ ಸಾಕು: ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್. ಎರಡನೆಯದು ಶೇಕಡಾ 45 ಮೀರಿದ್ದರೆ ಮುಂದಿನ ತಪಾಸಣೆ ಬೇಕು. ಕಾಯಿಲೆ ಖಚಿತವಾದರೆ ಚಿಕಿತ್ಸೆ ಸರಳ, ರಕ್ತ ತೆಗೆಯುವುದು. ಒಂದು ಸಲ 500 ಮಿಲಿಲೀಟರ್ ತೆಗೆದರೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಮೊದಲು ವಾರಕ್ಕೊಮ್ಮೆ, ಫೆರಿಟಿನ್ 50ರಿಂದ 100ಕ್ಕೆ ಇಳಿದ ಮೇಲೆ ವರ್ಷಕ್ಕೆ ಕೆಲವು ಸಲ. ರಕ್ತಹೀನತೆ ಇದ್ದವರಿಗೆ ಕಬ್ಬಿಣ ಹೊರತೆಗೆಯುವ ಔಷಧಿಗಳಿವೆ. ಸೊಪ್ಪು ಬಿಡಬೇಕಾಗಿಲ್ಲ. ಕಬ್ಬಿಣದ ಮತ್ತು ವಿಟಮಿನ್ ಸಿ ಮಾತ್ರೆ, ಮದ್ಯ, ಹಸಿ ಚಿಪ್ಪುಮೀನು ಬೇಡ.

ಯಕೃತ್ತು ಗಟ್ಟಿಯಾಗುವ ಮುನ್ನ ಚಿಕಿತ್ಸೆ ಶುರುವಾದರೆ ಎಲ್ಲರಂತೆ ಪೂರ್ಣಾಯುಷ್ಯ ಬಾಳಬಹುದು. ಮನೆಯಲ್ಲಿ ಒಬ್ಬರಿಗೆ ಈ ವಂಶಪಾರಂಪರ್ಯ ಕಾಯಿಲೆಯಿದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಅದೇ ಜೀನ್ ಜೋಡಿ ಬಂದಿರುವ ಸಂಭವ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಆದ್ದರಿಂದ ವರದಿಯನ್ನು ಬೀರುವಿನಲ್ಲಿಟ್ಟು ಮುಚ್ಚಿಡಬೇಡಿ. ಮೈಸೂರಿನ ಅಣ್ಣನಿಗೂ ಶಿವಮೊಗ್ಗದ ತಂಗಿಗೂ ಈ ವಾರವೇ ಫೋನ್ ಮಾಡಿ ತಿಳಿಸಿ.