ತಪ್ಪು ಹುಡುಕುವ ಸಾಧನಕ್ಕೇ ತಪ್ಪು ಹೇಳಿದರೆ

ಒಂದು ಪ್ರೋಗ್ರಾಮಿನಲ್ಲಿ 'ಜಿ' ಎಂಬ ವೇರಿಯಬಲ್ ಇದೆ. ಅದರ ಬೆಲೆ ಈಗ 1. ಅದನ್ನು 4 ಮಾಡಿದರೆ ಏನಾಗುತ್ತದೆಂದು ನೋಡಬೇಕು. ಡಿಬಗರ್ ತೆರೆದು 'ಸೆಟ್ ಜಿ=4' ಎಂದು ಟೈಪ್ ಮಾಡಿ ಎಂಟರ್ ಒತ್ತಿದಿರಿ. ಡಿಬಗರ್ ಯಾವ ತಕರಾರನ್ನೂ ಎತ್ತಲಿಲ್ಲ. ಆದರೆ ಬೆಲೆ ಎಷ್ಟೆಂದು ಕೇಳಿದರೆ ಇನ್ನೂ 1 ಎಂದೇ ತೋರಿಸುತ್ತದೆ. ಪ್ರೋಗ್ರಾಮನ್ನು ಮತ್ತೆ ಓಡಿಸಲು ಹೋದರೆ ಫೈಲನ್ನೇ ಓದಲಾಗುತ್ತಿಲ್ಲ ಎಂಬ, ಎಲ್ಲಿಗೂ ಹೊಂದದ ದೂರು ಬರುತ್ತದೆ.

ಆದದ್ದಿಷ್ಟು. ಇಂಗ್ಲಿಷಿನ 'ಜಿ' ಅಕ್ಷರದಿಂದಲೇ ಶುರುವಾಗುವ 'ಗ್ನುಟಾರ್ಗೆಟ್' ಎಂಬ ಸೆಟ್ಟಿಂಗ್ ಆ ಡಿಬಗರಿನಲ್ಲೇ ಇದೆ. ಆದೇಶಗಳನ್ನು ಮೊಟಕುಗೊಳಿಸಿ ಬರೆಯಲು ಅವಕಾಶ ಇರುವುದರಿಂದ 'ಸೆಟ್ ಜಿ' ಎಂದದ್ದನ್ನು ಡಿಬಗರ್ ಆ ಸೆಟ್ಟಿಂಗ್ ಬದಲಿಸುವ ಆದೇಶವೆಂದು ತಿಳಿಯಿತು. ಉಳಿದ '=4' ಯಾವುದೋ ಫೈಲ್ ಮಾದರಿಯ ಹೆಸರಿರಬೇಕೆಂದುಕೊಂಡು, ಅಂಥ ಮಾದರಿ ಇದೆಯೇ ಎಂದು ನೋಡದೆ ಸುಮ್ಮನೆ ಇಟ್ಟುಕೊಂಡಿತು. ಇದು ನನ್ನ ಕಲ್ಪನೆಯಲ್ಲ. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದ, ಇಂದಿಗೂ ಲಿನಕ್ಸ್ ಲೋಕದಲ್ಲಿ ನಿತ್ಯ ಬಳಕೆಯಲ್ಲಿರುವ ಜಿಡಿಬಿ ಎಂಬ ಡಿಬಗರಿನ ಕೈಪಿಡಿಯೇ ಎಚ್ಚರಿಕೆಗೆಂದು ಕೊಟ್ಟಿರುವ ಉದಾಹರಣೆ. 'ಸೆಟ್ ವಾರ್ ಜಿ=4' ಎಂದು ಬಿಡಿಸಿ ಬರೆಯಿರಿ ಎನ್ನುವುದು ಅದು ಕೊಡುವ ಪರಿಹಾರ.

ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಕಡೆ ನಿಲ್ಲಿಸಿ, ಅದರ ಮೆಮೊರಿಯಲ್ಲಿ ಏನಿದೆಯೆಂದು ನೋಡಲು, ಬೇಕಾದರೆ ಬದಲಿಸಲು ಇರುವ ಸಾಧನ ಡಿಬಗರ್. ಕಮಾಂಡ್‌ಲೈನ್ ಡಿಬಗರಿನಲ್ಲಿ ಒತ್ತಲು ಗುಂಡಿಗಳಿರುವುದಿಲ್ಲ. ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು. 'ಬ್ರೇಕ್ 42' ಎಂದರೆ 42ನೇ ಸಾಲಿನಲ್ಲಿ ನಿಲ್ಲಿಸು ಎಂದರ್ಥ. ಇಲ್ಲಿ 'ಬ್ರೇಕ್' ಎನ್ನುವುದು ಆದೇಶ, 42 ಅದರ ಆರ್ಗ್ಯುಮೆಂಟ್. ಬಂದ ಆರ್ಗ್ಯುಮೆಂಟ್ ಸರಿಯಿದೆಯೇ ಎಂದು ಕೆಲಸಕ್ಕೆ ಕೈಹಾಕುವ ಮೊದಲೇ ನೋಡುವುದು ಯಾವ ತಂತ್ರಾಂಶಕ್ಕೂ ಒಳ್ಳೆಯದು. ಡಿಬಗರಿಗಂತೂ ಅದು ಅನಿವಾರ್ಯ. ಡಿಬಗರ್ ಮುಂದೆ ಕೂತವರು ಆಗಲೇ ಒಂದು ತಪ್ಪಿನ ಬೆನ್ನು ಹತ್ತಿರುತ್ತಾರೆ. ಅದು ತೋರಿಸಿದ್ದೇ ಅವರಿಗೆ ಸಾಕ್ಷ್ಯ. ಆ ಸಾಕ್ಷ್ಯವೇ ಕೆಟ್ಟಿದ್ದರೆ ಇಲ್ಲದ ತಪ್ಪನ್ನು ಹುಡುಕುತ್ತಾ ದಿನಗಳು ಕಳೆಯುತ್ತವೆ.

ತಪಾಸಣೆ ಹಲವು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ರೂಪದ ತಪಾಸಣೆ: ಸಂಖ್ಯೆ ಇರಬೇಕಾದಲ್ಲಿ ಸಂಖ್ಯೆಯೇ ಇದೆಯೇ? ಸುಲಭವೆನಿಸುವ ಈ ಹಂತದಲ್ಲೇ ಎಷ್ಟೋ ಸಾಧನಗಳು ಎಡವಿವೆ. ಸಿ ಭಾಷೆಯಲ್ಲಿ ಅಕ್ಷರಗಳನ್ನು ಸಂಖ್ಯೆಯಾಗಿಸಲು 'ಎಟುಐ' ಎಂಬ ಹಳೆಯ ಫಂಕ್ಷನ್ ಇದೆ. ಅದಕ್ಕೆ '12ಎಬಿಸಿ' ಕೊಟ್ಟರೆ ಬಾಲವನ್ನು ಬಿಟ್ಟು 12 ಎನ್ನುತ್ತದೆ. ಬರೀ 'ಎಬಿಸಿ' ಕೊಟ್ಟರೆ 0 ಎನ್ನುತ್ತದೆ. ಬಳಕೆದಾರ ನಿಜವಾಗಿಯೂ ಸೊನ್ನೆ ಕೊಟ್ಟನೋ, ಕೈತಪ್ಪಿ ಬೇರೇನೋ ಒತ್ತಿದನೋ ಎಂದು ತಿಳಿಯುವ ದಾರಿಯೇ ಇಲ್ಲ. ಅದಕ್ಕೇ ಅನುಭವಿಗಳು 'ಸ್ಟ್ರ್‌ಟುಲ್' ಎಂಬ ಇನ್ನೊಂದು ಫಂಕ್ಷನ್ ಬಳಸುತ್ತಾರೆ. ಓದು ಎಲ್ಲಿ ನಿಂತಿತು, ಸಂಖ್ಯೆ ಮಿತಿ ಮೀರಿತೇ ಎಂಬುದನ್ನೂ ಅದು ತಿಳಿಸುತ್ತದೆ. ಚಿಹ್ನೆಯ ಬಗ್ಗೆಯೂ ಎಚ್ಚರ ಬೇಕು. ಋಣ ಸಂಖ್ಯೆಗೆ ಜಾಗವಿಲ್ಲದ 32 ಬಿಟ್ಟಿನ ಪೆಟ್ಟಿಗೆಗೆ -1 ಹಾಕಿದರೆ ಅದು 4294967295 ಆಗಿಬಿಡುತ್ತದೆ. 'ಇಷ್ಟು ಬೈಟ್ ತೋರಿಸು' ಎಂಬ ಆದೇಶಕ್ಕೆ ಈ ಸಂಖ್ಯೆ ಹೋದರೆ ಏನಾದೀತೆಂದು ಊಹಿಸಿಕೊಳ್ಳಿ.

ಸಂಖ್ಯೆಯ ರೂಪ ಸರಿಯಿದ್ದ ಮಾತ್ರಕ್ಕೆ ಅರ್ಥ ಒಂದೇ ಎನ್ನಲಾಗದು. ಮೈಕ್ರೋಸಾಫ್ಟಿನ ವಿನ್‌ಡಿಬಿಜಿ ಸಾಮಾನ್ಯವಾಗಿ ಸಂಖ್ಯೆಗಳನ್ನು ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕದಲ್ಲಿ ಓದುತ್ತದೆ. ಅಲ್ಲಿ '10' ಎಂದರೆ ಹದಿನಾರು. ಜಿಡಿಬಿ ಹತ್ತರ ಲೆಕ್ಕದಲ್ಲಿ ಓದುತ್ತದೆ. ಆದರೆ ಮುಂದೆ ಸೊನ್ನೆ ಸೇರಿಸಿ '012' ಎಂದರೆ ಎಂಟರ ಲೆಕ್ಕಕ್ಕೆ ಹೊರಳಿ, ಅದನ್ನು ಹತ್ತು ಎಂದು ತಿಳಿಯುತ್ತದೆ. ಜಿಡಿಬಿಯನ್ನು ಹದಿನಾರರ ಲೆಕ್ಕಕ್ಕೆ ಬದಲಿಸಿದವರು ಹಿಂತಿರುಗಲೆಂದು 'ಸೆಟ್ ಇನ್‌ಪುಟ್-ರೇಡಿಕ್ಸ್ 10' ಎಂದರೆ ಏನೂ ಬದಲಾಗುವುದಿಲ್ಲ. ಆ '10' ಕೂಡ ಹದಿನಾರರ ಲೆಕ್ಕದಲ್ಲೇ ಓದಲ್ಪಟ್ಟಿರುತ್ತದೆ. ಆದರೆ ಇಲ್ಲಿ ಜಿಡಿಬಿ ಸುಮ್ಮನಿರುವುದಿಲ್ಲ. ಈಗಿರುವ ಲೆಕ್ಕ ದಶಮಾನದಲ್ಲಿ 16, ಹೆಕ್ಸಿನಲ್ಲಿ 10, ಆಕ್ಟಲಿನಲ್ಲಿ 20 ಎಂದು ಮೂರು ಬಗೆಯಲ್ಲೂ ಬರೆದು ತೋರಿಸುತ್ತದೆ. ಕಣ್ಣಾಡಿಸಿದರೆ ಸಾಕು, ಎಡವಟ್ಟು ಗೊತ್ತಾಗುತ್ತದೆ.

ಎರಡನೆಯ ಹಂತ ವಾಸ್ತವದ ತಪಾಸಣೆ. 120 ಸಾಲಿನ ಫೈಲಿನಲ್ಲಿ 500ನೇ ಸಾಲು ತೋರಿಸು ಎಂದರೆ, ಸಂಖ್ಯೆ ಮಿತಿ ಮೀರಿದೆ, ಫೈಲಿನಲ್ಲಿ ಇರುವುದು 120 ಸಾಲು ಎನ್ನುತ್ತದೆ ಜಿಡಿಬಿ. ಬರಿಯ 'ತಪ್ಪು' ಎನ್ನದೆ ಸರಿಯ ಎಲ್ಲೆಯನ್ನೂ ಹೇಳುವುದರಲ್ಲಿ ಸೌಜನ್ಯವಿದೆ. ಖಾಲಿ ಸಾಲಿನಲ್ಲಿ ನಿಲ್ಲಿಸು ಎಂದರೆ ಅದು ನಿರಾಕರಿಸುವುದಿಲ್ಲ. ಮುಂದಿನ ಕೋಡ್ ಇರುವ ಸಾಲಿಗೆ ಸರಿದು, ಯಾವ ಸಾಲಿನಲ್ಲಿ ನಿಲ್ಲಿಸುವೆನೆಂದು ತಿಳಿಸುತ್ತದೆ. ಊಹೆ ಮಾಡಿದ್ದನ್ನು ಮುಚ್ಚಿಡದ ಕಾರಣ ಅದು ದೋಷವಲ್ಲ.

ಮೂರನೆಯದು ಪರಿಣಾಮದ ತಪಾಸಣೆ. ಎಂಎಸ್-ಡಾಸ್ ಕಾಲದ 'ಡಿಬಗ್' ಸಾಧನದಲ್ಲಿ ತಪ್ಪು ಆದೇಶ ಕೊಟ್ಟರೆ, ತಪ್ಪಿದ ಜಾಗದ ಕೆಳಗೇ ಒಂದು ಬಾಣದ ಗುರುತು ಹಾಕಿ 'ಎರರ್' ಎನ್ನುತ್ತಿತ್ತು. ಅಷ್ಟರ ಮಟ್ಟಿಗೆ ಅದು ಚುರುಕು. ಆದರೆ ಡಿಸ್ಕಿಗೆ ನೇರವಾಗಿ ಬರೆಯುವ 'ಡಬ್ಲ್ಯು' ಆದೇಶದಲ್ಲಿ ಡ್ರೈವ್‌ಗಳಿಗೆ ಬರೀ ಸಂಖ್ಯೆ: 0 ಎಂದರೆ ಎ, 1 ಎಂದರೆ ಬಿ, 2 ಎಂದರೆ ಸಿ. ಫ್ಲಾಪಿಗೆಂದು ಹೊರಟವರ ಬೆರಳು 2ರ ಮೇಲೆ ಬಿದ್ದರೆ, ಮರುಮಾತಿಲ್ಲದೆ ಹಾರ್ಡ್‌ಡಿಸ್ಕಿನ ಮೇಲೆ ಬರೆಯಲು ಹೊರಡುತ್ತಿತ್ತು. ರೂಪ ಸರಿ, ಸಂಖ್ಯೆ ಸರಿ, ಪರಿಣಾಮ ಮಾತ್ರ ಅನಾಹುತ. ಜಿಡಿಬಿಯಲ್ಲಿ ಆರ್ಗ್ಯುಮೆಂಟ್ ಇಲ್ಲದೆ 'ಡಿಲೀಟ್' ಎಂದರೆ, ನಿಲ್ಲಿಸಲು ಗುರುತಿಟ್ಟ ಎಲ್ಲ ಬ್ರೇಕ್‌ಪಾಯಿಂಟ್ ಅಳಿಸಲೇ ಎಂದು ಕೇಳಿ ಉತ್ತರಕ್ಕಾಗಿ ಕಾಯುತ್ತದೆ. ವೈದ್ಯರ ಚೀಟಿಯಲ್ಲಿ ಅಕ್ಷರ ಅಸ್ಪಷ್ಟವಾಗಿದ್ದರೆ ಒಳ್ಳೆಯ ಔಷಧಿ ಅಂಗಡಿಯವರು ಫೋನ್ ಮಾಡಿ ಕೇಳಿಯೇ ಮಾತ್ರೆ ಕೊಡುವುದಿಲ್ಲವೇ, ಹಾಗೆ.

ಹಾಗೆಂದು ಅನುಮಾನ ಬಂದದ್ದನ್ನೆಲ್ಲ ತಡೆಯುವುದೂ ತರವಲ್ಲ. ಡಿಬಗರ್ ಕೈಗೆ ಬರುವುದೇ ಕೆಟ್ಟ ಪ್ರೋಗ್ರಾಂ. ಅದರಲ್ಲಿ ಅರ್ಥವಿಲ್ಲದ ವಿಳಾಸಗಳು, ಇರಬಾರದ ಬೆಲೆಗಳು ಇದ್ದೇ ಇರುತ್ತವೆ, ಮತ್ತು ನೋಡಬೇಕಾದದ್ದು ಅವನ್ನೇ. ಆದ್ದರಿಂದ ಜಿಡಿಬಿ ವಿಳಾಸ ಸಭ್ಯವಾಗಿದೆಯೇ ಎಂದು ಮೊದಲೇ ತೀರ್ಪು ಕೊಡದೆ, ಓದಲು ಹೋಗಿ, ಆಗದಿದ್ದರೆ ಆ ವಿಳಾಸದ ಮೆಮೊರಿ ಸಿಗಲಿಲ್ಲ ಎಂದು ವರದಿ ಮಾಡುತ್ತದೆ. ಇಲ್ಲದ ಫಂಕ್ಷನ್ನಿನ ಹೆಸರು ಕೊಟ್ಟಾಗಲೂ ಹಾಗೆಯೇ. ಇನ್ನೂ ಲೋಡ್ ಆಗದ ಲೈಬ್ರರಿಯಲ್ಲಿ ಅದು ಇರಬಹುದಲ್ಲ? ಸದ್ಯಕ್ಕೆ ಸಿಗಲಿಲ್ಲ, ಮುಂದೆ ಸಿಕ್ಕಾಗ ನಿಲ್ಲಿಸಲೇ ಎಂದು ಕೇಳುತ್ತದೆ.

ಇಷ್ಟಾದರೂ ನುಸುಳುವ ತಪ್ಪುಗಳಿವೆ. ಸಿ ಭಾಷೆಯ ಪ್ರೋಗ್ರಾಮಿನಲ್ಲಿ 'ಐ ಎಂಬುದು 5 ಆದಾಗ ನಿಲ್ಲಿಸು' ಎನ್ನಲು ಎರಡು ಸಮ ಚಿಹ್ನೆ ಬೇಕು. ಒಂದೇ ಹಾಕಿದರೆ ಅದು ಹೋಲಿಕೆಯಲ್ಲ, 5ನ್ನು ಐ ಒಳಗೆ ಹಾಕು ಎಂಬ ಆದೇಶ. ಆಗ ಪ್ರತಿ ಬಾರಿಯೂ ಪ್ರೋಗ್ರಾಂ ಅಲ್ಲಿ ನಿಲ್ಲುತ್ತದೆ, ನಿಂತಾಗಲೆಲ್ಲ ಐ ಬೆಲೆಯೂ 5 ಆಗುತ್ತದೆ. ವ್ಯಾಕರಣದಲ್ಲಿ ಕೊಂಕಿಲ್ಲದ ಆರ್ಗ್ಯುಮೆಂಟ್, ತಪಾಸಿಸಬೇಕಾದ ವಸ್ತುವನ್ನೇ ಬದಲಿಸಿಬಿಡುತ್ತದೆ. ಬಳಕೆದಾರನ ಮನಸ್ಸಿನಲ್ಲಿರುವುದನ್ನು ಯಾವ ತಪಾಸಣೆಯೂ ಓದಲಾರದು.

ಆದ್ದರಿಂದ ಸಾಧನ ಬರೆಯುವವರು ಮಾಡಬಹುದಾದದ್ದು ಇಷ್ಟು: ಅರ್ಥವಾಗದ್ದನ್ನು ತಿರಸ್ಕರಿಸುವುದು, ಈಗ ಆಗದ್ದನ್ನು ಕೇಳಿ ಕಾಯುವುದು, ಅಳಿಸಿ ಹಾಕುವಂಥದ್ದಕ್ಕೆ ಒಪ್ಪಿಗೆ ಪಡೆಯುವುದು, ಉಳಿದದ್ದಕ್ಕೆಲ್ಲ 'ನಾನು ಹೀಗೆ ಅರ್ಥಮಾಡಿಕೊಂಡೆ' ಎಂದು ತಿರುಗಿ ಹೇಳುವುದು. ಇದರಲ್ಲಿ ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಎಂಟರ್ ಒತ್ತಿದ ಮೇಲೆ ಬರುವ ಆ ಒಂದು ಸಾಲಿನ ಉತ್ತರವನ್ನು ಬಳಸುವವರೂ ಓದದೆ ಮುಂದೆ ಹೋಗಬಾರದು. ಯಂತ್ರಕ್ಕೂ ಮನುಷ್ಯನಿಗೂ ನಡುವಿನ ತಪ್ಪು ತಿಳಿವಳಿಕೆಯನ್ನು ಅಲ್ಲೇ ಹಿಡಿಯಬಹುದು, ಇಲ್ಲದಿದ್ದರೆ ಅದನ್ನೂ ಡಿಬಗ್ ಮಾಡುತ್ತಾ ಕೂರಬೇಕಾಗುತ್ತದೆ.